‘ಆಮೇಲೆ ಬಾ’ ಎಂದರೆ ಎಷ್ಟು ಗಂಟೆಗೆ? ಆಟಿಸಂ ಇರುವ ವಿದ್ಯಾರ್ಥಿಗೆ ಕಾಲೇಜು ಮಾಡಬೇಕಾದ್ದು

ಪಿಯುಸಿಯಲ್ಲಿ ಶೇ 90ರ ಮೇಲೆ ಅಂಕ ತೆಗೆದ ಹುಡುಗ ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಕಳೆದುಕೊಂಡರೆ ಸ್ಟಾಫ್ ರೂಮಿನಲ್ಲಿ ಮೊದಲು ಬರುವ ಮಾತು ‘ಮೊಬೈಲು’, ಆಮೇಲಿನದು ‘ಸಹವಾಸ’. ಆಟಿಸಂ ಇರುವ ವಿದ್ಯಾರ್ಥಿಯ ಮಟ್ಟಿಗೆ ಬಹಳ ಸಲ ಎರಡೂ ತಪ್ಪು. ಪಿಯುಸಿಯಲ್ಲಿ ಅವನಿಗೆ ಒಂದೇ ಕೊಠಡಿ, ಒಂದೇ ಬೆಂಚು, ವರ್ಷವಿಡೀ ಬದಲಾಗದ ಟೈಮ್‌ಟೇಬಲ್ ಇತ್ತು. ಬೆಳಿಗ್ಗೆ ಬ್ಯಾಗು ಜೋಡಿಸಿಕೊಡುವ ಅಮ್ಮ ಇದ್ದರು. ಡಿಗ್ರಿಗೆ ಬಂದ ದಿನ ಇವೆಲ್ಲ ಒಟ್ಟಿಗೇ ಹೋಗುತ್ತವೆ. ಗಂಟೆಗೊಂದು ಕೊಠಡಿ, ಲ್ಯಾಬಿಗೊಂದು ಬ್ಯಾಚು, ರಾತ್ರಿ 11ಕ್ಕೆ ವಾಟ್ಸ್ಯಾಪಿನಲ್ಲಿ ‘ನಾಳೆ ಮೊದಲ ಕ್ಲಾಸ್ ಇಲ್ಲ’, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡು ಯಾರೂ ಹೇಳದ ನೂರೆಂಟು ನಿಯಮಗಳು. ಅವನಿಗೆ ಕಷ್ಟವಾಗುವುದು ಪಾಠಕ್ಕಿಂತ ಹೆಚ್ಚಾಗಿ ಪಾಠದ ಸುತ್ತ ಇರುವ ಇವು.

ಇದು ಕರ್ನಾಟಕದ ಪದವಿ, ಇಂಜಿನಿಯರಿಂಗ್, ಸ್ನಾತಕೋತ್ತರ ಕಾಲೇಜುಗಳ ಅಧ್ಯಾಪಕರು, ಮೆಂಟರ್‌ಗಳು, ಪರೀಕ್ಷಾ ವಿಭಾಗದವರು ಮತ್ತು ವಾರ್ಡನ್‌ಗಳಿಗಾಗಿ ಬರೆದದ್ದು. ಇಲ್ಲಿರುವ ಹೆಚ್ಚಿನ ಕೆಲಸಗಳಿಗೆ ದುಡ್ಡು ಬೇಡ. ಹೇಳದೆ ಬಿಡುತ್ತಿದ್ದುದನ್ನು ಮುಂಚೆಯೇ ಬರೆದು ಹೇಳುವ ಅಭ್ಯಾಸ ಬೇಕು, ಅಷ್ಟೇ.

ಮೊದಲು ಯಾರ ಬಗ್ಗೆ ಮಾತು ಎಂಬುದು ತಿಳಿದಿರಲಿ

ಆಟಿಸಂ ರೋಗವಲ್ಲ, ಬುದ್ಧಿ ಕಡಿಮೆ ಎಂದೂ ಅಲ್ಲ. ಮಾತು, ಮುಖಭಾವ, ಸದ್ದು, ಬೆಳಕು, ಬದಲಾವಣೆ ಇವನ್ನು ಮಿದುಳು ಬೇರೆ ರೀತಿಯಲ್ಲಿ ಗ್ರಹಿಸುತ್ತದೆ. ಎಡಿಎಚ್‌ಡಿಯಲ್ಲಿ ಗಮನ, ಸಮಯದ ಅಂದಾಜು, ಕೆಲಸ ಶುರು ಮಾಡುವುದು ಕೈಕೊಡುತ್ತದೆ. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾಗಳಲ್ಲಿ ಓದು, ಬರಹ, ಲೆಕ್ಕ ಕ್ರಮವಾಗಿ ತೊಡಕು. ಇವೆಲ್ಲವನ್ನೂ ಸೇರಿಸಿ ಈಗ ನರವೈವಿಧ್ಯ ಎನ್ನುತ್ತಾರೆ. ಒಬ್ಬರಲ್ಲೇ ಎರಡು ಮೂರು ಇರುವುದು ಸಾಮಾನ್ಯ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದು ಗುರುತಿಸುವ 21 ಬಗೆಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಎಡಿಎಚ್‌ಡಿ ಮಾತ್ರ ಇರುವ ವಿದ್ಯಾರ್ಥಿಗೆ ಅಂಗವಿಕಲರ ಗುರುತಿನ ಕಾರ್ಡು (ಯುಡಿಐಡಿ) ಸಿಗುವುದು ಕಷ್ಟ. ಆ ವಿದ್ಯಾರ್ಥಿಯ ಗತಿ ಕಾಲೇಜಿನ ಒಳ್ಳೆಯ ಬುದ್ಧಿಯ ಮೇಲೆ ನಿಂತಿದೆ.

ಇನ್ನು ಕೆಲವರಿಗೆ ತಮಗೇ ಗೊತ್ತಿರುವುದಿಲ್ಲ. ಅದರಲ್ಲೂ ಹುಡುಗಿಯರು ಚಿಕ್ಕಂದಿನಿಂದಲೇ ಬೇರೆಯವರನ್ನು ನೋಡಿ ನಗುವುದು, ತಲೆದೂಗುವುದು, ಕಣ್ಣಿಗೆ ಕಣ್ಣು ಕೊಡುವುದನ್ನು ಅಭ್ಯಾಸ ಮಾಡಿಕೊಂಡು ಮರೆಮಾಚಿರುತ್ತಾರೆ. ಕಾಲೇಜಿನಲ್ಲಿ ಆರು ಗಂಟೆ ಹೀಗೆ ನಟಿಸಿ ಸಂಜೆ ಕೋಣೆ ಸೇರಿದರೆ ಮಾತೇ ಹೊರಡದಷ್ಟು ದಣಿವು. ‘ನೋಡೋಕೆ ಚೆನ್ನಾಗೇ ಇದ್ದಾಳಲ್ಲ’ ಎಂಬುದನ್ನು ಪುರಾವೆ ಎಂದು ಹಿಡಿಯಬೇಡಿ. ಹಾಗೆಂದು ನಿಮಗೆ ಅನುಮಾನ ಬಂದವರಿಗೆಲ್ಲ ಹೆಸರು ಕಟ್ಟಲೂ ಹೋಗಬೇಡಿ. ‘ನಿನಗೆ ಆಟಿಸಂ ಇರಬಹುದು’ ಎಂದು ಲೆಕ್ಚರರ್ ಹೇಳಬಾರದು. ‘ಲ್ಯಾಬಿನ ಸದ್ದಿನಿಂದ ಕಷ್ಟ ಆಗ್ತಿದೆಯಾ? ಏನು ಮಾಡಿದ್ರೆ ಸಲೀಸಾಗುತ್ತೆ?’ ಎಂದು ಧಾರಾಳವಾಗಿ ಕೇಳಬಹುದು. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಕಿಲ್ಲ.

ಕ್ಲಾಸು ಶುರುವಾಗುವ ಮುಂಚಿನ ವಾರ

ಅಡ್ಮಿಷನ್ ಸಮಯದಲ್ಲಿ ಆಟಿಸಂ ಎಂದು ತಿಳಿಸಿದ ವಿದ್ಯಾರ್ಥಿ ಇದ್ದರೆ ಮೊದಲ ದಿನಕ್ಕೆ ಕಾಯದೆ ಒಂದು ವಾರ ಮೊದಲೇ ಕರೆಸಿ. ಓರಿಯಂಟೇಷನ್ ದಿನ ಬೇಡ. ಐನೂರು ಜನ, ಸ್ಪೀಕರು, ಸ್ವಾಗತಗೀತೆ ಇರುವ ದಿನ ಅವನ ತಲೆಗೆ ಏನೂ ಹೋಗುವುದಿಲ್ಲ. ಕ್ಯಾಂಪಸ್ ಖಾಲಿ ಇರುವ ಮಧ್ಯಾಹ್ನ ಒಂದು ಗಂಟೆ ಸಾಕು. ತನ್ನ ಟೈಮ್‌ಟೇಬಲಿನ ಕ್ರಮದಲ್ಲೇ ಕೊಠಡಿಯಿಂದ ಕೊಠಡಿಗೆ ನಡೆಯಲಿ, ಪ್ರತಿ ಬಾಗಿಲಿನ ಫೋಟೊ ಹೊಡೆದುಕೊಳ್ಳಲಿ. ಶೌಚಾಲಯ, ಕುಡಿಯುವ ನೀರು, ಗದ್ದಲವಿಲ್ಲದ ಮೆಟ್ಟಿಲು, ಊಟಕ್ಕೆ ಕೂರಬಹುದಾದ ಜಾಗ, ಹಾಜರಾತಿ ವಿಚಾರಿಸುವ ಕೌಂಟರು ಇಷ್ಟನ್ನೂ ತೋರಿಸಿ.

ಆಮೇಲೆ ಕೂತು ಅರ್ಧ ಗಂಟೆ ಮಾತಾಡಿ. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಯಾವ ಸದ್ದು, ವಾಸನೆ, ಬೆಳಕು ತಡೆಯಲಾಗುವುದಿಲ್ಲ? ಗಾಬರಿಯಾದಾಗ ಹೊರಗಿನಿಂದ ಹೇಗೆ ಕಾಣುತ್ತದೆ? ಆಗ ಏನು ಮಾಡಿದರೆ ಒಳ್ಳೆಯದು, ಏನು ಮಾಡಿದರೆ ಹೆಚ್ಚಾಗುತ್ತದೆ? ಬಾಯಲ್ಲಿ ಹೇಳಿದ್ದು ತಲೆಗೆ ಹೋಗುತ್ತದೋ ಬರೆದದ್ದೋ? ಪಿಯುಸಿಯಲ್ಲಿ ಏನು ಉಪಯೋಗಕ್ಕೆ ಬಂತು? ಪ್ರಶ್ನೆಗಳನ್ನು ಎರಡು ದಿನ ಮೊದಲೇ ಕಳಿಸಿ. ಎದುರಿಗೆ ಕೂರಿಸಿ ತಟ್ಟನೆ ಕೇಳಿದರೆ ‘ಏನೂ ಬೇಡ ಸರ್, ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ಅದು ಉತ್ತರವಲ್ಲ, ಕೋಣೆಯಿಂದ ಹೊರಗೆ ಹೋಗುವ ದಾರಿ.

ಮಾತಿನಲ್ಲಿ ಹೊರಟದ್ದನ್ನು ಒಂದು ಪುಟಕ್ಕೆ ಇಳಿಸಿ. ಎರಡನೇ ಪುಟ ಯಾರೂ ಓದುವುದಿಲ್ಲ. ಮೇಲೆ ವಿದ್ಯಾರ್ಥಿಯ ಹೆಸರು, ಮೆಂಟರ್ ಹೆಸರು. ಕೆಳಗೆ ಕಾಲೇಜು ಒಪ್ಪಿದ ಐದಾರು ಸಂಗತಿ, ಪ್ರತಿಯೊಂದೂ ಯಾರಾದರೂ ಮಾಡಿದರೋ ಇಲ್ಲವೋ ಎಂದು ನೋಡಬಹುದಾದ ರೀತಿಯಲ್ಲಿ. ‘ಸಹಾನುಭೂತಿಯಿಂದ ನೋಡಿಕೊಳ್ಳುವುದು’ ಎಂದು ಬರೆದರೆ ಅದು ಗಾಳಿಗೆ ಹೋದ ಮಾತು. ‘ಸ್ಲೈಡುಗಳನ್ನು ಹಿಂದಿನ ದಿನ ಸಂಜೆ 6ರೊಳಗೆ ಕಳಿಸುವುದು’ ಎಂದು ಬರೆದರೆ ಕೆಲಸ. ರೋಗನಿರ್ಣಯದ ವಿವರ ಈ ಪುಟದಲ್ಲಿ ಬೇಕಿಲ್ಲ. ಏನು ಮಾಡಬೇಕು ಎಂಬುದು ಸಾಕು. ಇದು ಯಾರ್ಯಾರಿಗೆ ಹೋಗಬಹುದು ಎಂದು ವಿದ್ಯಾರ್ಥಿಯನ್ನೇ ಕೇಳಿ ಸಹಿ ಹಾಕಿಸಿ. ಡಿಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಇಡೀ ಕಾಲೇಜಿಗೆ ಗೊತ್ತಾಗುತ್ತದೆ, ಅವನು ಮತ್ತೆ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ಮೆಂಟರ್ ಒಬ್ಬರೇ ಇರಲಿ. ‘ಯಾರನ್ನಾದರೂ ಕೇಳು’ ಎಂದರೆ ಯಾರನ್ನೂ ಕೇಳುವುದಿಲ್ಲ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಅದೇ ಕುರ್ಚಿ, 15 ನಿಮಿಷ. ಮೆಂಟರ್ ರಜೆಯಲ್ಲಿದ್ದರೆ ಯಾರು ಎಂಬುದನ್ನೂ ಆ ಪುಟದಲ್ಲೇ ಬರೆದಿಡಿ.

ನಮ್ಮ ಕನ್ನಡವೇ ಒಂದು ಅಡಚಣೆ

ನಾವು ಆಡುವ ಮಾತಿನಲ್ಲಿ ಅರ್ಧ ಕೇಳುವವರು ತುಂಬಿಸಿಕೊಳ್ಳಲಿ ಎಂದು ಬಿಟ್ಟಿರುತ್ತೇವೆ. ಹೊರಡುವಾಗ ‘ಬರ್ತೀನಿ’ ಎನ್ನುವ ಜನ ನಾವು. ‘ನೋಡೋಣ’ ಎಂದರೆ ಬಹಳ ಸಲ ಆಗುವುದಿಲ್ಲ ಎಂದರ್ಥ. ಬಾಗಿಲಲ್ಲಿ ನಿಂತ ವಿದ್ಯಾರ್ಥಿಗೆ ‘ಆಮೇಲೆ ಬಾ’ ಎಂದರೆ ಈಗ ತಲೆ ತಿನ್ನಬೇಡ ಎಂಬುದಷ್ಟೇ ಅದರ ಅರ್ಥ ಇರಬಹುದು. ಆಟಿಸಂ ಇರುವ ವಿದ್ಯಾರ್ಥಿ ಅಲ್ಲೇ ಕಾರಿಡಾರಿನಲ್ಲಿ ಎರಡು ಗಂಟೆ ನಿಲ್ಲುತ್ತಾನೆ, ಇಲ್ಲವೇ ಆ ‘ಆಮೇಲೆ’ ಯಾವಾಗ ಎಂದು ತಿಳಿಯದೆ ಬರುವುದನ್ನೇ ಬಿಡುತ್ತಾನೆ. ‘ಈಗ ಆಗಲ್ಲ, ಗುರುವಾರ ಮೂರೂವರೆಗೆ ಬಾ, ರೆಕಾರ್ಡ್ ತಗೊಂಡು ಬಾ’ ಎನ್ನಿ. ಎರಡು ಸೆಕೆಂಡು ಹೆಚ್ಚು ಹಿಡಿಯುತ್ತದೆ.

‘ಒಂದೆರಡು ಪುಟ ಬರಿ’ ಎಂದರೆ ಒಂದೋ, ಎರಡೋ? ‘ಸ್ವಲ್ಪ ವಿವರವಾಗಿ ಬರಿ’ ಎಂದರೆ ಎಷ್ಟು? ಅಸೈನ್‌ಮೆಂಟಿಗೆ ಪುಟ, ಉಪಶೀರ್ಷಿಕೆಗಳ ಪಟ್ಟಿ, ಕೊಡುವ ದಿನ ಮತ್ತು ಗಂಟೆ, ಕೈಬರಹವೋ ಟೈಪೋ, ಯಾರ ಕೈಗೆ ಕೊಡಬೇಕು, ಯಾವ ಭಾಗಕ್ಕೆ ಎಷ್ಟು ಅಂಕ ಎಂದು ಬರೆದು ಕೊಡಿ. ಸಾಧ್ಯವಾದರೆ ಹಿಂದಿನ ವರ್ಷದ ಒಂದು ಒಳ್ಳೆಯ ಉತ್ತರವನ್ನು ಹೆಸರು ಮುಚ್ಚಿ ತೋರಿಸಿ. ಇದು ಇಡೀ ತರಗತಿಗೆ ಉಪಕಾರ. ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಠ್ಯದ ಜೊತೆ ಗುದ್ದಾಡುವವರಿಗೆ.

ಹತ್ತೂವರೆಗೆ ಬಂದವನಿಗೆ ‘ಏನಪ್ಪಾ, ಇಷ್ಟು ಬೇಗ?’ ಎಂದರೆ ತರಗತಿ ನಗುತ್ತದೆ. ಅವನು ‘ಬಸ್ಸು ಲೇಟಾಯ್ತು ಸರ್, ಬೇಗ ಅಲ್ಲ’ ಎಂದು ತಿದ್ದುತ್ತಾನೆ. ಅದು ಉದ್ಧಟತನ ಎಂದು ಹೊರಗೆ ಕಳಿಸಿದವರಿದ್ದಾರೆ. ಬೋರ್ಡಿನ ಮೇಲಿನ ತಪ್ಪನ್ನು ಎಲ್ಲರೆದುರು ಹೇಳುವುದೂ ಇದೇ ಜಾತಿಯದು. ತಪ್ಪು ಇದ್ದರೆ ತಿದ್ದಿಕೊಳ್ಳಿ, ಕ್ಲಾಸು ಮುಗಿದ ಮೇಲೆ ಪ್ರತ್ಯೇಕವಾಗಿ ‘ಇಂಥದ್ದನ್ನ ಚೀಟಿಯಲ್ಲಿ ಬರೆದು ಕೊಡು, ಮಧ್ಯದಲ್ಲಿ ನಿಲ್ಲಿಸಬೇಡ’ ಎಂದು ನಿಯಮ ಹೇಳಿ. ನಿಯಮ ಸ್ಪಷ್ಟವಾಗಿದ್ದರೆ ಇವರಷ್ಟು ನಿಷ್ಠೆಯಿಂದ ಪಾಲಿಸುವವರು ಸಿಗುವುದು ಅಪರೂಪ.

ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್, ತಾವೂ ಆಟಿಸಂ ಇರುವವರು, 2012ರಲ್ಲಿ ಇದಕ್ಕೆ ಎರಡು ಬದಿಯ ಅನುಭೂತಿ ಸಮಸ್ಯೆ ಎಂಬ ಅರ್ಥದ ಹೆಸರು ಕೊಟ್ಟರು. ಆಟಿಸಂ ಇರುವವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ. ತೊಡಕು ಒಬ್ಬರ ತಲೆಯೊಳಗಿಲ್ಲ, ಇಬ್ಬರ ನಡುವೆ ಇದೆ.

ತರಗತಿ ಮತ್ತು ಲ್ಯಾಬು

ಸೀಟು ವಿದ್ಯಾರ್ಥಿನಿಯೇ ಆರಿಸಿಕೊಳ್ಳಲಿ, ಸೆಮಿಸ್ಟರ್ ಪೂರ್ತಿ ಅದೇ ಇರಲಿ. ಹಲವರು ಬಾಗಿಲ ಪಕ್ಕದ ತುದಿ ಕೇಳುತ್ತಾರೆ. ಹೊರಗೆ ಹೋಗಲು ಯಾರನ್ನೂ ದಾಟಬೇಕಿಲ್ಲ. ಮಿಣುಕುವ ಟ್ಯೂಬ್‌ಲೈಟು, ಕಿರುಗುಟ್ಟುವ ಫ್ಯಾನು ನಿಮಗೆ ಕಿರಿಕಿರಿ ಇರಬಹುದು, ಅವಳಿಗೆ ಪಾಠವನ್ನೇ ಮುಚ್ಚಿಹಾಕುವ ಗದ್ದಲ. ಎಲೆಕ್ಟ್ರಿಷಿಯನ್ ಬಂದು ಸ್ಟಾರ್ಟರ್ ಬದಲಿಸಿದರೆ ಮುಗಿಯುವ ಕೆಲಸ ಎಷ್ಟೋ ಸಲ ‘ಗಮನ ಕೊಡುವುದಿಲ್ಲ’ ಎಂಬ ದೂರಾಗಿ ಮನೆಗೆ ಹೋಗುತ್ತದೆ.

ಕಣ್ಣಿಗೆ ಕಣ್ಣು ಕೊಡು ಎಂದು ಒತ್ತಾಯಿಸಬೇಡಿ. ಕೆಳಗೆ ನೋಡುತ್ತ, ಪೆನ್ನು ತಿರುಗಿಸುತ್ತ, ಕಾಲು ಅಲ್ಲಾಡಿಸುತ್ತ ಇದ್ದಾಗಲೇ ಅವಳು ಚೆನ್ನಾಗಿ ಕೇಳಿಸಿಕೊಳ್ಳುತ್ತಿರಬಹುದು. ತಟ್ಟನೆ ಎಬ್ಬಿಸಿ ಪ್ರಶ್ನೆ ಕೇಳುವುದನ್ನು ಬಿಡಿ. ಬಾಯಿಂದ ಉತ್ತರ ಬೇಕೇ ಬೇಕಾದರೆ ‘ಹತ್ತು ನಿಮಿಷದ ಮೇಲೆ ಮೂರನೇ ಪ್ರಶ್ನೆ ನಿನ್ನನ್ನ ಕೇಳ್ತೀನಿ’ ಎಂದು ಮೊದಲೇ ಹೇಳಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮಧ್ಯದಲ್ಲಿ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದರೆ ಅವಳು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹೊರಗೆ ಹೋಗುವುದಕ್ಕೆ ಒಂದು ಕಾರ್ಡು ಕೊಡಿ. ಮೇಜಿನ ಮೇಲೆ ಇಟ್ಟು ಎದ್ದು ಹೋಗುವುದು, 10 ನಿಮಿಷದೊಳಗೆ ವಾಪಸ್, ಕಾರಣ ಕೇಳುವಂತಿಲ್ಲ. ದುರುಪಯೋಗದ ಭಯ ಎಲ್ಲರಿಗೂ ಇರುತ್ತದೆ. ಆದರೆ ಹೋಗಬಹುದು ಎಂಬ ಭರವಸೆ ಇದ್ದರೇ ಅರ್ಧ ಗಾಬರಿ ಇಳಿಯುವುದರಿಂದ ಕಾರ್ಡು ಜೇಬಿನಲ್ಲೇ ಉಳಿಯುವುದು ಹೆಚ್ಚು.

ಲ್ಯಾಬಿನಲ್ಲಿ ತೊಂದರೆ ಕೊಡುವುದು ಪ್ರಯೋಗಕ್ಕಿಂತ ಸಾಲು ಹಿಡಿದು ಉಪಕರಣ ತೆಗೆದುಕೊಳ್ಳುವುದು, ನಾಲ್ವರ ಬ್ಯಾಚಿನಲ್ಲಿ ಯಾರು ಏನು ಮಾಡಬೇಕು ಎಂದು ಗೊತ್ತಿಲ್ಲದಿರುವುದು, ರಾಸಾಯನಿಕದ ವಾಸನೆ. ಪ್ರತಿ ಪ್ರಯೋಗದ ಹೆಜ್ಜೆಗಳನ್ನು ನಂಬರ್ ಹಾಕಿ ಒಂದು ಹಾಳೆಯಲ್ಲಿ ಕೊಡಿ. ಬ್ಯಾಚನ್ನು ‘ನಿಮ್ಮಷ್ಟಕ್ಕೆ ಮಾಡ್ಕೊಳ್ಳಿ’ ಎಂದು ಬಿಟ್ಟರೆ ಕೊನೆಗೆ ಉಳಿಯುವವನು ಅವನೇ. ನೀವೇ ಹಾಕಿ, ಕೆಲಸವನ್ನೂ ನೀವೇ ಹಂಚಿ: ಒಬ್ಬರು ಅಳತೆ, ಒಬ್ಬರು ಬರೆಯುವುದು, ಒಬ್ಬರು ಜೋಡಣೆ. ಗುಂಪಿನ ಪ್ರಾಜೆಕ್ಟಿಗೂ ಇದೇ ಕ್ರಮ. ಅಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ಗುಂಪುಗಳಲ್ಲಿ ಇಡೀ ಕೋಡು ಇವನ ತಲೆಗೆ ಕಟ್ಟಿ, ಪ್ರೆಸೆಂಟೇಷನ್ ದಿನ ಮಾತಾಡಿದವರು ಅಂಕ ಬಾಚಿಕೊಳ್ಳುತ್ತಾರೆ. ಯಾರ ಭಾಗ ಯಾವುದು ಎಂದು ಎರಡು ವಾರಕ್ಕೊಮ್ಮೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಸೆಮಿನಾರು ಅರವತ್ತು ಜನರ ಮುಂದೆಯೇ ಆಗಬೇಕೆಂದಿಲ್ಲ. ವಿಷಯ ತಿಳಿದಿದೆಯೇ ಎಂದು ನೋಡುವುದಾದರೆ ಇಬ್ಬರು ಅಧ್ಯಾಪಕರ ಮುಂದೆ ಸಾಕು, ರೆಕಾರ್ಡ್ ಮಾಡಿ ತಂದ ವಿಡಿಯೊವೂ ಆದೀತು. ವೈವಾದಲ್ಲಿ ‘ಈ ಪ್ರಯೋಗದ ಬಗ್ಗೆ ಹೇಳು’ ಎಂಬ ಬಾಯಿ ತೆರೆದ ಪ್ರಶ್ನೆಗೆ ಮೌನವೇ ಉತ್ತರ. ‘ಈ ರೆಸಿಸ್ಟರ್ ಬೆಲೆ ಇಮ್ಮಡಿ ಮಾಡಿದರೆ ಕರೆಂಟ್ ಏನಾಗುತ್ತೆ?’ ಎಂದರೆ ಉತ್ತರ ಬರುತ್ತದೆ. ಹೊರಗಿನ ಪರೀಕ್ಷಕರಿಗೆ ವಿದ್ಯಾರ್ಥಿಯ ಒಪ್ಪಿಗೆ ಪಡೆದು ಹಿಂದಿನ ದಿನವೇ ಎರಡು ಸಾಲು ತಿಳಿಸಿ.

ಪರೀಕ್ಷೆ: ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ

ಕೇಂದ್ರ ಸರ್ಕಾರದ 2018ರ ಆಗಸ್ಟ್ 29ರ ಲಿಖಿತ ಪರೀಕ್ಷಾ ಮಾರ್ಗಸೂಚಿ ಶೇ 40 ಅಥವಾ ಹೆಚ್ಚು ನ್ಯೂನತೆಯ ಪ್ರಮಾಣಪತ್ರ ಇರುವವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಹೇಳಿತ್ತು. ಅಂದರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆ, ಒಂದೂವರೆ ಗಂಟೆಯ ಇಂಟರ್ನಲ್ಸ್ ಎರಡು ಗಂಟೆ. ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರನ್ನು ತೆಗೆದುಕೊಳ್ಳದಿದ್ದರೂ ಈ ಸಮಯ ಉಂಟು. ಆಟಿಸಂ ಇರುವವರು ಲಿಪಿಕಾರರನ್ನು ಕೇಳುವುದಾದರೆ, ಬರೆಯಲು ತೊಂದರೆ ಇದೆ ಎಂದು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ ಅಥವಾ ಸಿವಿಲ್ ಸರ್ಜನ್ ದರ್ಜೆಯವರ ಪತ್ರ ಬೇಕು. ಸ್ವಂತ ಲಿಪಿಕಾರರನ್ನು ಕರೆತಂದರೆ ಅವರ ಓದು ಪರೀಕ್ಷಾರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಎಂದು 2018ರಲ್ಲಿ ಇತ್ತು; 2025ರಲ್ಲಿ ಹೊಸ ಮಾರ್ಗಸೂಚಿ ಬಂದಿರುವುದರಿಂದ ಈಗಿನ ನಿಯಮ ನೋಡಿಕೊಳ್ಳಿ. ಕಾಲೇಜು ಕೊಡುವುದಾದರೆ ಎರಡು ದಿನ ಮೊದಲೇ ಭೇಟಿ ಮಾಡಿಸಬೇಕು.

ಆದರೆ ಆಟಿಸಂ ಎಂದ ಕೂಡಲೇ ಲಿಪಿಕಾರ ಎಂದು ಬರೆದುಬಿಡಬೇಡಿ. ಅಪರಿಚಿತ ವ್ಯಕ್ತಿಯ ಪಕ್ಕ ಮೂರು ಗಂಟೆ ಕೂತು ಉತ್ತರವನ್ನು ಬಾಯಲ್ಲಿ ಹೇಳುವುದು ಕೆಲವರಿಗೆ ಬರೆಯುವುದಕ್ಕಿಂತ ಹತ್ತು ಪಾಲು ಕಷ್ಟ. ಪ್ರತ್ಯೇಕ ಕೊಠಡಿ, ಹೆಚ್ಚುವರಿ ಸಮಯ, ಬೇಕಿದ್ದರೆ ಕಂಪ್ಯೂಟರಿನಲ್ಲಿ ಟೈಪಿಸುವ ಅವಕಾಶ ಇಷ್ಟೇ ಬಹಳ ಜನಕ್ಕೆ ಸಾಕು. ಡಿಸ್‌ಗ್ರಾಫಿಯಾ ಇರುವವರ ಲೆಕ್ಕ ಬೇರೆ, ಅವರಿಗೆ ಲಿಪಿಕಾರ ಬೇಕಾಗಬಹುದು.

ಪ್ರಮಾಣಪತ್ರದಲ್ಲಿ ಶೇ 40 ಇಲ್ಲದವರನ್ನು ವಾಪಸ್ ಕಳಿಸುವುದು ಪರೀಕ್ಷಾ ವಿಭಾಗಗಳ ಹಳೆಯ ಚಾಳಿ. 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಸೆಟೆಯುವ ಯುಪಿಎಸ್‌ಸಿ ಅಭ್ಯರ್ಥಿಗೆ ಆ ಮಿತಿ ಮುಟ್ಟದಿದ್ದರೂ ಲಿಪಿಕಾರರ ಹಕ್ಕಿದೆ ಎಂದಿತು. ಶೇ 40 ಎಂಬುದು ಮೀಸಲಾತಿಯ ಗೆರೆ, ತಕ್ಕ ಹೊಂದಾಣಿಕೆಯ ಗೆರೆ ಅಲ್ಲ. ಇದಾದ ಮೇಲೆ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ತೊಂದರೆ ಇರುವವರಿಗೂ ಪ್ರತ್ಯೇಕ ಮಾರ್ಗಸೂಚಿ ಬಂತು. ಆ ತೀರ್ಪಿನ ಮತ್ತು ಈಗ ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರತಿ ಪರೀಕ್ಷಾ ವಿಭಾಗದ ಕಡತದಲ್ಲಿರಲಿ.

ಕಾಗದದ ಮೇಲೆ ಎಲ್ಲ ಸರಿ ಇದ್ದೂ ಕೆಡುವುದು ಹೇಗೆಂದರೆ:

ಅನುಮತಿ ಪತ್ರ ಪ್ರಿನ್ಸಿಪಾಲರ ಮೇಜಿನಲ್ಲೇ ಉಳಿದು, ಕೊಠಡಿಯ ಮೇಲ್ವಿಚಾರಕರಿಗೆ ಗೊತ್ತಿರುವುದಿಲ್ಲ. ಮೂರು ಗಂಟೆಗೆ ಬೆಲ್ ಹೊಡೆದ ಕೂಡಲೇ ಉತ್ತರಪತ್ರಿಕೆ ಕಿತ್ತುಕೊಳ್ಳುತ್ತಾರೆ. 2021ರ ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ಹೀಗೇ ಆಗಿ ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಗಿದ್ದು ಅನ್ಯಾಯವೇ ಎಂದು ಕೋರ್ಟು ಹೇಳಿದರೂ ಮರುಪರೀಕ್ಷೆ ಸಿಗಲಿಲ್ಲ. ಪತ್ರದ ಒಂದು ಪ್ರತಿ ಕೊಠಡಿಯ ಬಾಗಿಲಿಗೆ, ಒಂದು ಮೇಲ್ವಿಚಾರಕರ ಕೈಗೆ, ಒಂದು ವಿದ್ಯಾರ್ಥಿಯ ಹಾಲ್ ಟಿಕೆಟಿನ ಜೊತೆಗೆ.

ಪ್ರತ್ಯೇಕ ಕೊಠಡಿ ಎಂದು ಕೊಟ್ಟದ್ದು ಕಚೇರಿಯ ಮೂಲೆಯ ಮೇಜು. ಜನ ಬಂದು ಶುಲ್ಕ ಕಟ್ಟುತ್ತಿರುತ್ತಾರೆ. ಅದಕ್ಕಿಂತ ಹಾಲೇ ವಾಸಿ.

ಒಂದೇ ದಿನ ಎರಡು ಇಂಟರ್ನಲ್ಸ್ ಇದ್ದಾಗ ಹೆಚ್ಚುವರಿ ಸಮಯ ಊಟದ ಬಿಡುವನ್ನು ತಿಂದುಬಿಡುತ್ತದೆ. ಒಂದನ್ನು ಬೇರೆ ದಿನಕ್ಕೆ ಹಾಕಿ, ಇಲ್ಲವೇ ಎರಡನೆಯದನ್ನು ಒಂದು ಗಂಟೆ ತಡವಾಗಿ ಶುರು ಮಾಡಿ.

ಕಿವಿಗೆ ಫೋಮ್ ಪ್ಲಗ್ ಹಾಕಿಕೊಂಡದ್ದನ್ನು ಸ್ಕ್ವಾಡ್‌ನವರು ಬ್ಲೂಟೂತ್ ಎಂದು ಹಿಡಿಯಬಹುದು. ಒಳಗೆ ಹೋಗುವಾಗಲೇ ಪ್ಲಗ್ ತೋರಿಸಲಿ, ಅನುಮತಿ ಪತ್ರದಲ್ಲಿ ಅದರ ಉಲ್ಲೇಖವೂ ಇರಲಿ.

ಸೆಮಿಸ್ಟರ್ ಪರೀಕ್ಷೆಗೆ ಕೊಟ್ಟ ಸೌಲಭ್ಯ ಇಂಟರ್ನಲ್ಸ್‌ಗೆ ಇರುವುದಿಲ್ಲ. ಬ್ಲೂ ಬುಕ್ಕಿನ ಪರೀಕ್ಷೆಗೂ ಅದೇ ಲೆಕ್ಕ ಅನ್ವಯಿಸಬೇಕು. ಹೆಚ್ಚುವರಿ ಸಮಯ ಕೂತು ಬರೆಯುವ ಅಭ್ಯಾಸ ಆಗುವುದೂ ಅಲ್ಲೇ.

ಅರ್ಜಿಯನ್ನು ಸೆಮಿಸ್ಟರ್ ಶುರುವಾದ ತಿಂಗಳೊಳಗೆ ಹಾಕಿಸಿ. ವಿಶ್ವವಿದ್ಯಾಲಯದ ಕುಲಸಚಿವರಿಗೆ ಹೋಗಿ ಒಪ್ಪಿಗೆ ಬರುವಷ್ಟರಲ್ಲಿ ಪರೀಕ್ಷೆ ಮುಗಿದ ಉದಾಹರಣೆಗಳಿಗೆ ಬರ ಇಲ್ಲ.

ಕಾರ್ಡು, ಹಾಜರಾತಿ, ಹಣ

ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ. ಆಧಾರ್, ಫೋಟೊ, ವಿಳಾಸದ ದಾಖಲೆ ಹಾಕಿದ ಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ಈ ಅರ್ಜಿಯಲ್ಲಿ ನೆರವಾಗುತ್ತಾರೆ. ಆಟಿಸಂ ಅಳೆಯಲು ಭಾರತದಲ್ಲಿ ಬಳಸುವ ಐಸಾ ಮಾಪನದಲ್ಲಿ 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಅಥವಾ ಹೆಚ್ಚು ಬಂದರೆ ಆಟಿಸಂ ಎಂದು ಲೆಕ್ಕ. ಮಾತು ಚೆನ್ನಾಗಿ ಬರುವ, ಮರೆಮಾಚಿ ಪಳಗಿದ ಇಪ್ಪತ್ತರ ಹುಡುಗಿಗೆ ಇಲ್ಲಿ ಅಂಕ ಕಡಿಮೆ ಬೀಳಬಹುದು. ಬಾಲ್ಯದ ವಿವರ ಹೇಳಬಲ್ಲ ತಾಯಿಯೋ ಅಜ್ಜಿಯೋ ಜೊತೆಗಿರಲಿ. ಶಾಲೆಯ ಹಳೆಯ ವರದಿಗಳು, ಮೊದಲೇ ಮಾಡಿಸಿದ ಪರೀಕ್ಷೆಗಳಿದ್ದರೆ ಅವೂ ಕೈಯಲ್ಲಿರಲಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕೆಲಸಕ್ಕೆ ಗೊತ್ತಿರುವ ಜಾಗಗಳು.

ಕಾರ್ಡಿನಲ್ಲಿ ಶೇ 40 ಇದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕಾಯ್ದೆಯ 32ನೇ ಕಲಮಿನಂತೆ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ತಾಂತ್ರಿಕ ಶಿಕ್ಷಣದವರಿಗೆ ಎಐಸಿಟಿಇಯ ಸಕ್ಷಮ್ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ 8 ಲಕ್ಷದೊಳಗೆ ಇರಬೇಕು. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ಆಟಿಸಂ ಇರುವವರಿಗೆ 1 ಲಕ್ಷದವರೆಗೆ ಚಿಕಿತ್ಸಾ ವೆಚ್ಚ ಕೊಡುತ್ತದೆ; ಇದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಹಾಜರಾತಿಯ ಶಾರ್ಟೇಜ್ ಈ ವಿದ್ಯಾರ್ಥಿಗಳ ದೊಡ್ಡ ಶತ್ರು. ವಿಟಿಯುನಲ್ಲಿ ಶೇ 85 ಬೇಕು, ಬೇರೆ ಕಡೆ ಹೆಚ್ಚಾಗಿ 75. ಥೆರಪಿಗೆ ಹೋದ ದಿನ, ದಣಿದು ಏಳಲಾಗದ ದಿನ ಕೂಡುತ್ತ ಹೋಗಿ ಕೊನೆಯಲ್ಲಿ ಹಾಲ್ ಟಿಕೆಟ್ ನಿಲ್ಲುತ್ತದೆ. ಪ್ರಿನ್ಸಿಪಾಲರ ವಿನಾಯಿತಿಗೆ ಆಗ ಓಡಾಡುವ ಬದಲು ತಿಂಗಳಿಗೊಮ್ಮೆ ಮೆಂಟರ್ ಶೇಕಡಾವಾರು ನೋಡಿ, ಇನ್ನೆಷ್ಟು ಕ್ಲಾಸು ತಪ್ಪಿಸಿಕೊಳ್ಳಬಹುದು ಎಂಬ ಸಂಖ್ಯೆಯನ್ನೇ ಹೇಳಲಿ. ‘ಹುಷಾರಾಗಿರು’ ಎಂಬುದಕ್ಕಿಂತ ‘ಗಣಿತದಲ್ಲಿ ಇನ್ನು 4 ಕ್ಲಾಸು’ ಎಂಬುದು ನಾಟುತ್ತದೆ. ಎಡಿಎಚ್‌ಡಿ ಇರುವವರಿಗೆ ಇದು ಇನ್ನೂ ಮುಖ್ಯ, ಅವರಿಗೆ ‘ಮುಂದಿನ ತಿಂಗಳು’ ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ. ಅವರ ಪ್ರಾಜೆಕ್ಟಿಗೆ ಕೊನೆಯ ದಿನ ಒಂದೇ ಇಡದೆ, ವಾರಕ್ಕೊಂದು ತುಂಡು ತಂದು ತೋರಿಸುವಂತೆ ಮಾಡಿ.

ಹಾಸ್ಟೆಲು

ಸಾಧ್ಯವಿದ್ದರೆ ಒಬ್ಬರ ಕೋಣೆ, ಇಲ್ಲದಿದ್ದರೆ ಇಬ್ಬರದು. ನಾಲ್ವರ ಕೋಣೆ ಬೇಡ. ಮೆಸ್ಸಿನಲ್ಲಿ ತಟ್ಟೆ ಸದ್ದು, ಸಾಲು, ಒಗ್ಗರಣೆಯ ಹೊಗೆ ಎಲ್ಲ ಒಟ್ಟಿಗೆ ಬೀಳುವುದರಿಂದ ಊಟವನ್ನೇ ಬಿಟ್ಟು ಬಿಸ್ಕತ್ತಿನಲ್ಲಿ ದಿನ ತಳ್ಳುವವರಿದ್ದಾರೆ. ತೂಕ ಇಳಿದ ಮೇಲೆ ಮನೆಯವರಿಗೆ ತಿಳಿಯುತ್ತದೆ. ಮೆಸ್ಸು ತೆರೆಯುವ ಹದಿನೈದು ನಿಮಿಷ ಮೊದಲು ಬಡಿಸಿ, ಅಥವಾ ಡಬ್ಬಿಯಲ್ಲಿ ಕೋಣೆಗೆ ಒಯ್ಯಲು ಬಿಡಿ. ಮೊಸರನ್ನ ಬಿಟ್ಟು ಬೇರೇನೂ ತಿನ್ನುವುದಿಲ್ಲ ಎಂದರೆ ಅದು ಹಟವಲ್ಲ. ಬಾಯಿಗೆ ತಾಗುವ ಹದವೇ ಕೆಲವರಿಗೆ ಸಹಿಸಲಾಗದು.

ರ‍್ಯಾಗಿಂಗ್ ಬಗ್ಗೆ ಬಿಡಿಸಿ ಹೇಳಬೇಕು. ‘ಯಾರಾದರೂ ತೊಂದರೆ ಕೊಟ್ಟರೆ ಹೇಳು’ ಎಂದರೆ ಸಾಲದು, ಏಕೆಂದರೆ ಸೀನಿಯರ್ ನಗುನಗುತ್ತ ಹಾಡಲು ಹೇಳಿ ವಿಡಿಯೊ ಮಾಡಿದ್ದನ್ನು ಅವನು ಸ್ನೇಹ ಎಂದೇ ತಿಳಿದಿರಬಹುದು. ‘ನಿನ್ನ ವಿಡಿಯೊ ತೆಗೆಯೋದು, ದುಡ್ಡು ಕೇಳೋದು, ರೆಕಾರ್ಡ್ ಬರೆಸೋದು, ರಾತ್ರಿ ಕೋಣೆಗೆ ಕರೆಯೋದು, ಇವು ರ‍್ಯಾಗಿಂಗ್’ ಎಂದು ಪಟ್ಟಿ ಕೊಡಿ. ರಾಷ್ಟ್ರೀಯ ಸಹಾಯವಾಣಿ 1800-180-5522.

ಕುಸಿದಾಗ

ಸದ್ದು, ಬದಲಾವಣೆ, ಒತ್ತಡ ಮಿತಿ ಮೀರಿದಾಗ ಕೆಲವರು ಕೂಗುತ್ತಾರೆ, ಅಳುತ್ತಾರೆ, ತಲೆ ಚಚ್ಚಿಕೊಳ್ಳುತ್ತಾರೆ. ಇನ್ನು ಕೆಲವರು ಕಲ್ಲಿನಂತೆ ಕೂತುಬಿಡುತ್ತಾರೆ, ಮಾತೇ ಹೊರಡುವುದಿಲ್ಲ. ಎರಡೂ ಒಂದೇ. ಬೇಕೆಂದು ಮಾಡುವುದಲ್ಲ. ಆಗ ಮೊದಲು ಜನರನ್ನು ಹೊರಗೆ ಕಳಿಸಿ, ಅವನನ್ನಲ್ಲ. ಫ್ಯಾನು, ಲೈಟು, ಪ್ರೊಜೆಕ್ಟರ್ ಆರಿಸಿ. ಒಬ್ಬರೇ ಮಾತಾಡಿ, ತಗ್ಗಿದ ದನಿಯಲ್ಲಿ, ಚಿಕ್ಕ ವಾಕ್ಯ: ‘ನಾನಿಲ್ಲೇ ಇದೀನಿ. ಏನೂ ಹೇಳ್ಬೇಕಾಗಿಲ್ಲ.’ ಮುಟ್ಟಬೇಡಿ, ಬೆನ್ನು ಸವರಬೇಡಿ. ಸಾಂತ್ವನ ಎಂದು ಮಾಡಿದ್ದು ಬೆಂಕಿ ತಾಗಿದಂತಾಗಬಹುದು. ‘ಏನಾಯ್ತು, ಯಾಕೆ’ ಎಂಬ ಪ್ರಶ್ನೆಗಳನ್ನು ಮಾರನೇ ದಿನಕ್ಕಿಡಿ. ತಲೆ ಚಚ್ಚಿಕೊಳ್ಳುತ್ತಿದ್ದರೆ ಗೋಡೆಗೂ ತಲೆಗೂ ನಡುವೆ ಬ್ಯಾಗೋ ಸ್ವೆಟರೋ ಇಡಿ, ಕೈ ಹಿಡಿದು ಎಳೆಯಬೇಡಿ. ಇಳಿಯಲು ಇಪ್ಪತ್ತು ನಿಮಿಷವೂ ಆಗಬಹುದು, ಅರ್ಧ ದಿನವೂ ಆಗಬಹುದು. ಅದೇ ದಿನ ಮಧ್ಯಾಹ್ನ ಇಂಟರ್ನಲ್ಸ್ ಇದ್ದರೆ ಮುಂದಕ್ಕೆ ಹಾಕಿ.

ಎರಡು ದಿನ ಬಿಟ್ಟು ಕೂತು, ಆ ದಿನ ಬೆಳಿಗ್ಗೆಯಿಂದ ಏನೇನಾಯಿತು ಎಂದು ಒಟ್ಟಿಗೆ ಬರೆಯಿರಿ. ಕಾರಣ ಬಹುಪಾಲು ಆ ಕ್ಷಣದ್ದಾಗಿರುವುದಿಲ್ಲ. ಬೆಳಿಗ್ಗೆ ಬಸ್ ತಪ್ಪಿದ್ದು, ಕೊಠಡಿ ಬದಲಾದದ್ದು, ಪಕ್ಕದ ಕಟ್ಟಡದ ಡ್ರಿಲ್ಲಿಂಗ್ ಒಂದರ ಮೇಲೊಂದು ಕೂತಿರುತ್ತವೆ. ಬದುಕುವುದೇ ಬೇಡ ಎಂಬ ಮಾತು ಬಂದರೆ ಅದನ್ನು ಆಟಿಸಂನ ತಲೆಗೆ ಕಟ್ಟಿ ಸುಮ್ಮನಾಗದೆ ಅಂದೇ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ, ಅಲ್ಲಿಯವರೆಗೆ ಒಬ್ಬರನ್ನೇ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ ಫೋನ್ ಮಾಡುವ ಮೊದಲು

ನಮ್ಮ ಕಾಲೇಜುಗಳಲ್ಲಿ ಏನೇ ಆದರೂ ಮೊದಲ ಫೋನು ಅಪ್ಪನಿಗೆ. ಹದಿನೆಂಟು ತುಂಬಿದ ವಿದ್ಯಾರ್ಥಿಯ ವಿಷಯದಲ್ಲಿ, ಜೀವಕ್ಕೆ ಅಪಾಯ ಇಲ್ಲದಿದ್ದರೆ, ಮೊದಲು ಅವಳನ್ನೇ ಕೇಳಿ: ಮನೆಗೆ ಹೇಳಲೇ, ಏನು ಹೇಳಲಿ, ಯಾರಿಗೆ? ಕೆಲವು ಮನೆಗಳಲ್ಲಿ ಆಟಿಸಂ ಎಂಬ ಪದ ಇನ್ನೂ ಮದುವೆಯ ಚಿಂತೆಯ ಜೊತೆ ಗಂಟು ಹಾಕಿಕೊಂಡಿರುತ್ತದೆ. ತಂದೆತಾಯಿ ಬಂದರೆ ಅವಳು ಕೂತಿರುವಾಗ ಅವಳ ಬಗ್ಗೆ ಮೂರನೆಯವರಂತೆ ಮಾತಾಡಬೇಡಿ.

ಒಂದು ಪುಟದ ಆ ಕಾಗದವನ್ನು ಮೊದಲ ಇಂಟರ್ನಲ್ಸ್ ಮುಗಿದ ವಾರ ತೆರೆದು ನೋಡಿ. ಯಾವುದು ನಡೆದಿದೆ, ಯಾವ ಅಧ್ಯಾಪಕರು ಸ್ಲೈಡ್ ಕಳಿಸಿಲ್ಲ, ಯಾವುದು ಬೇಕೇ ಆಗಿಲ್ಲ ಎಂದು ಗುರುತು ಹಾಕಿ. ಮುಂದಿನ ಸೆಮಿಸ್ಟರಿಗೆ ಕೊಠಡಿ, ಅಧ್ಯಾಪಕರು ಬದಲಾಗುವುದರಿಂದ ಟೈಮ್‌ಟೇಬಲ್ ಅಂಟಿಸುವ ಮೂರು ದಿನ ಮೊದಲೇ ಅವನಿಗೆ ಒಂದು ಪ್ರತಿ ಕೊಡಿ. ಇಂಟರ್ನ್‌ಷಿಪ್ಪಿಗೆ ಕಳಿಸುವಾಗ ಅದೇ ಪುಟದ ಹೊಸ ಪ್ರತಿಯನ್ನು ಅವನೇ ಬರೆಯಲಿ: ಯಾರಿಗೆ ವರದಿ ಮಾಡಬೇಕು, ಊಟ ಎಷ್ಟು ಹೊತ್ತಿಗೆ, ಅರ್ಥವಾಗದಿದ್ದರೆ ಯಾರನ್ನು ಕೇಳಬೇಕು, ಯಾವ ಸದ್ದಿನಿಂದ ದೂರ ಕೂರಿಸಬೇಕು. ನೀವು ಓದಿ, ಬಿಟ್ಟುಹೋದದ್ದು ಇದ್ದರೆ ಪೆನ್ಸಿಲಿನಲ್ಲಿ ಗುರುತಿಸಿ ವಾಪಸ್ ಕೊಡಿ.